ಇನ್ನೂ ಉಂಟು

ರುವೈಸಿನಲ್ಲಿ ಗುಡ್ಡಗಳು ಹಳದಿ.
ಅರಸಿನವಲ್ಲ, ಗಂಧಕ.
ನೆಲದಡಿಯ ಅನಿಲದಿಂದ ದಿನವೂ ಬೇರ್ಪಡಿಸಿ
ಹಡಗು ಬರುವತನಕ ನಾವು ರಾಶಿ ಹಾಕುವ ಗಂಧಕ.
ಎದೆಯ ಜೇಬಿಗೆ ಕಚ್ಚಿಕೊಂಡ ಪುಟ್ಟ ಯಂತ್ರ
ಹತ್ತಕ್ಕೇ ಕೂಗುತ್ತದೆ.
ನೂರು ದಾಟಿದರೆ ಕೂಗುವುದು ಅದೊಂದೇ,
ಮೂಗು ಅಷ್ಟರಲ್ಲಿ ಸುಮ್ಮನಾಗಿರುತ್ತದೆ.

ತರಬೇತಿಯ ಮೊದಲ ದಿನ ನಾಲ್ಕು ಭಾಷೆಗಳಲ್ಲಿ ಬರೆಸಿದ್ದರು:
ವಾಸನೆ ಬಂದರೆ ಓಡು.
ವಾಸನೆ ಹೋದರೆ
ಅಂತ ಹೇಳಿ ಮಾಸ್ತರ ನೀರು ಕುಡಿಯಲು ನಿಂತ.
ನನ್ನ ಪುಸ್ತಕದಲ್ಲಿ ಆ ಸಾಲು ಇವತ್ತಿಗೂ ಅರ್ಧವೇ ಇದೆ.

ಡಿಸೆಂಬರ್ ಎಂಟು, ರಾತ್ರಿ ಎರಡೂಕಾಲು.
ಬಿ ಬ್ಲಾಕಿನ ಇನ್ನೂರ ಹದಿನಾಲ್ಕನೇ ಕೋಣೆಯಲ್ಲಿ
ಕೊಳೆತ ಮೊಟ್ಟೆ.
'ಗ್ಯಾಸ್!' ಎಂದು ಕಿರುಚಿದ್ದು ಹಮ್ಮಬ್ಬ.
ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಮೆಟ್ಟಿಲಿಳಿದು
ಗಾಳಿಚೀಲ ಯಾವ ಕಡೆ ತೂಗುತ್ತಿದೆ ನೋಡಿ
ಗಾಳಿಗೆದುರಾಗಿ ಓಡಿ
ಬಸ್ಸು ನಿಲ್ಲುವಲ್ಲಿ ಸಾಲಾಗಿ ನಿಂತೆವು, ಕಲಿಸಿದ ಹಾಗೆಯೇ.
ಕೋಣೆಯಲ್ಲಿ ಹಾಸಿಗೆ ಆರು.
ಸಾಲಿನಲ್ಲಿ ತಲೆ ಐದು.

ಬೊನವೆಂಚರ್ ಬಂದಿರಲಿಲ್ಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಹೋದ ವರ್ಷ ಏಣಿಯ ಮೇಲಿಂದ ರೊಡೆಲ್
ಕೈಬೀಸಿ ಹೇಳಿದ್ದ:
ಈಗಿಲ್ಲ, ಹೋಯಿತು ವಾಸನೆ, ಬನ್ನಿ.

ಕಾವಲಿನವನ ಮುಖವಾಡ ಕಸಿದುಕೊಂಡು ಓಡಿದವನೂ ಹಮ್ಮಬ್ಬನೇ.
ಬಾಗಿಲು ಒದ್ದರೆ
ಮಂಚದಡಿಯ ಬಕೆಟನ್ನು ಮಗುವಿನ ಹಾಗೆ ತಬ್ಬಿಕೊಂಡು
ಮೂಗನ್ನು ಅದರೊಳಗೇ ಇಟ್ಟು
ಕೂತಿದ್ದಾನೆ ಬೊನ.
ಕೆನ್ನೆಗೆ ಒಂದು ಬಿತ್ತು. ಮುಖವಾಡದೊಳಗಿಂದ ಬಂದ ಬೈಗಳು
ಏನೆಂದು ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ದ್ರಾಕ್ಷಿರಸದ ಹನ್ನೆರಡು ಪೆಟ್ಟಿಗೆ, ಎರಡು ಕಿಲೋ ಸಕ್ಕರೆ,
ಬ್ರೆಡ್ಡಿನ ಯೀಸ್ಟು ಒಂದು ಚಮಚ.
'ಕ್ರಿಸ್ಮಸಿಗೆ,' ಎಂದ ಬೊನ, ಕೆನ್ನೆ ಉಜ್ಜಿಕೊಳ್ಳುತ್ತ.
'ಮಾಯಿ ಮಾಡಿದರೆ ಹೀಗೆ ನಾರುವುದಿಲ್ಲ. ನನ್ನದೇ ಎಂತಕ್ಕೆ?'

ಗಂಟಲಿಗೆ ಒಂದು ಹನಿ ಇಳಿಸದ ಹಮ್ಮಬ್ಬ
ಮುಖವಾಡ ಕಳಚಿ ಬಕೆಟಿಗೆ ಬಗ್ಗಿದ.
ಮಸ್ಕತ್ತಿನ ಬೇಕರಿಯಲ್ಲಿ ಒಂಬತ್ತು ವರ್ಷ ಹಿಟ್ಟು ನಾದಿದವನು.
'ಹಸಿವು ಮಾರಾಯ. ಬರೀ ಸಕ್ಕರೆ ಹಾಕಿ ದುಡಿಸಿದ್ದಿ ಇದನ್ನು.
ಸಕ್ಕರೆ ತಿಂದು ಯಾರಿಗೆ ಹೊಟ್ಟೆ ತುಂಬುತ್ತದೆ?
ಉಪವಾಸದವನ ಬಾಯಿ ಮೂಸಿದ್ದಿಯಾ? ಇದೂ ಅದೇ.'
ಒಂದು ಹಿಡಿ ಒಣದ್ರಾಕ್ಷಿ ಜಜ್ಜಿ ಹಾಕಿಸಿದ.
ಆಮೇಲೆ ನನ್ನ ಕಡೆ ತಿರುಗಿ:
'ತಾಮ್ರ ಉಂಟಾ?'

ಜಬಲ್ ಅಖ್ದರಿನ ಮೇಲೆ ಗುಲಾಬಿ ನೀರು ಇಳಿಸುವ ಮುದುಕ
ಮಡಕೆಯೊಳಗೆ ತಾಮ್ರದ ಬಟ್ಟಲು ಬಿಟ್ಟು
ಬೇರೇನನ್ನೂ ಇಡಗೊಡುತ್ತಿರಲಿಲ್ಲವಂತೆ.
ಹೂವಿನಲ್ಲೂ ಸ್ವಲ್ಪ ಕೆಟ್ಟದ್ದು ಇರುತ್ತದೆ,
ತಾಮ್ರ ಅದನ್ನು ಮೈಮೇಲೆ ಹಾಕಿಕೊಳ್ಳುತ್ತದೆ
ಎಂದನಂತೆ.

ನಾನು ಎಲೆಕ್ಟ್ರಿಷಿಯನ್, ತಾಮ್ರಕ್ಕೇನು ಬರ?
ಹಸಿರು ಹಳದಿ ಪಟ್ಟೆಯ ಅರ್ಥ್ ವೈರು,
ಸಿಪ್ಪೆ ಸುಲಿದು, ಬೆರಳಿಗೆ ಸುತ್ತಿ, ತೊಳೆದು
ನೂಲು ಕಟ್ಟಿ ಇಳಿಬಿಟ್ಟೆ.
ಹೊಸ ಮದುಮಗಳ ಬಳೆಯ ಹಾಗೆ ಹೊಳೆಯುತ್ತಿತ್ತು.
'ಬೇಗ ಹಾಕಿದ್ದು ಒಳ್ಳೆಯದಾಯಿತು,' ಹಮ್ಮಬ್ಬ ಹಾಸಿಗೆ ಏರುತ್ತ ಗೊಣಗಿದ,
'ತಡವಾದರೆ ಬೆಳ್ಳುಳ್ಳಿಯಾಗುತ್ತದೆ, ಆಮೇಲೆ ಸುಟ್ಟ ರಬ್ಬರು.
ಅದು ತಾಮ್ರಕ್ಕೂ ಬಗ್ಗುವುದಿಲ್ಲ.'

ಬೆಳಗ್ಗೆ ಐದರ ಬಸ್ಸಿಗೆ ಮುಂಚೆ ಎಳೆದು ನೋಡಿದೆ.
ಕಪ್ಪು. ದೀಪದ ಕುಡಿಗೆ ಹಿಡಿದಷ್ಟು ಕಪ್ಪು.
ಆ ದಿನ ಪ್ಲಾಂಟಿನಲ್ಲಿ, ಅದೇ ಏಣಿಯ ಬುಡದಲ್ಲಿ
ಅದನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ,
ಏನು ಪ್ರಯೋಜನವೆಂದು ಕೇಳಬೇಡಿ.

ಇಪ್ಪತ್ತನಾಲ್ಕರ ರಾತ್ರಿ ಬೊನ
ಟೀ ಲೋಟಗಳಲ್ಲಿ ಎರಡೆರಡು ಬೆರಳು ಹೊಯ್ದ.
ಆರನೆಯದು ಯಾರಿಗೆಂದು ಯಾರೂ ಕೇಳಲಿಲ್ಲ,
ಅದು ಕಿಟಕಿಯಲ್ಲಿತ್ತು.
ಹಮ್ಮಬ್ಬ ಕೈ ಹಿಂದೆ ಕಟ್ಟಿಕೊಂಡು
ಮೂಗನ್ನಷ್ಟೇ ಹತ್ತಿರ ತಂದ.
ಕಣ್ಣು ಮುಚ್ಚಿದ. ಬಹಳ ಹೊತ್ತು.

'ಸ್ವಲ್ಪ ಉಂಟು ಇನ್ನೂ,' ಎಂದ.

ಬೊನನ ಮುಖ ಬಾಡಿತು.
ಇರಲಿ ಎಂದೆ ನಾನು,
ಇರಲಿ ಮಾರಾಯ, ಇರಲಿ.